ಬಾಗಿಲು ಅಗಲವಾಯಿತು, ನಾವು ಹೊರಗೇ ಉಳಿದೆವು

2025ರ ನವೆಂಬರ್ 18ರ ರಾತ್ರಿ ಢಾಕಾದಲ್ಲಿ ನಡೆದ ಏಷ್ಯಾ ಕಪ್ ಅರ್ಹತಾ ಪಂದ್ಯದಲ್ಲಿ ಭಾರತದ ಫುಟ್‌ಬಾಲ್ ತಂಡ ಬಾಂಗ್ಲಾದೇಶದ ಎದುರು 0–1ರಿಂದ ಸೋತಿತು. ಬಾಂಗ್ಲಾದೇಶ ನಮ್ಮನ್ನು ಮಣಿಸಿದ್ದು 22 ವರ್ಷಗಳಲ್ಲಿ ಅದೇ ಮೊದಲು. ಎರಡೂ ತಂಡಗಳು ಅದಾಗಲೇ ಸ್ಪರ್ಧೆಯಿಂದ ಹೊರಬಿದ್ದಿದ್ದವು. ಉಳಿದಿದ್ದದ್ದು ಮರ್ಯಾದೆಯ ಪ್ರಶ್ನೆ ಮಾತ್ರ. ಅದೇ ದಿನಾಂಕದಂದು, ನಮ್ಮ ಗಡಿಯಾರದ ಪ್ರಕಾರ ಮರುದಿನ ಬೆಳಿಗ್ಗೆ, ಭೂಮಿಯ ಇನ್ನೊಂದು ಬದಿಯ ಕಿಂಗ್‌ಸ್ಟನ್ ನಗರದಲ್ಲಿ ಕುರಸಾವೊ ಎಂಬ ಪುಟ್ಟ ದ್ವೀಪದ ತಂಡ ಜಮೈಕಾದೊಡನೆ ಗೋಲಿಲ್ಲದ ಡ್ರಾ ಸಾಧಿಸಿ 2026ರ ವಿಶ್ವಕಪ್‌ಗೆ ಅರ್ಹತೆ ಗಳಿಸಿತು. ಆ ದ್ವೀಪದ ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಮಂಡ್ಯ ನಗರಕ್ಕಿದ್ದ ಸಂಖ್ಯೆಗಿಂತ ತುಸು ಹೆಚ್ಚು, ಅಷ್ಟೆ.

ಈ ಎರಡು ಸುದ್ದಿಗಳನ್ನು ಅಕ್ಕಪಕ್ಕ ಇಟ್ಟು 140 ಕೋಟಿ ಜನರ ದೇಶವನ್ನು ಮೂದಲಿಸುವುದು ಸುಲಭ. ಆದರೆ ಆ ಹೋಲಿಕೆ ಪೂರ್ಣ ನ್ಯಾಯಸಮ್ಮತವಲ್ಲ. ಕುರಸಾವೊ ತಂಡದ ಬಹುಪಾಲು ಆಟಗಾರರು ಹುಟ್ಟಿ, ಆಟ ಕಲಿತದ್ದು ನೆದರ್‌ಲೆಂಡ್ಸ್‌ನಲ್ಲಿ. ಅಲ್ಲದೆ ಜನಸಂಖ್ಯೆ ತಾನಾಗಿಯೇ ಯಾವ ಆಟದಲ್ಲೂ ಸಂಪತ್ತಾಗುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಕಲಿತ ಮೊದಲ ಪಾಠಗಳಲ್ಲಿ ಒಂದು, ನೆಲದಡಿ ಇರುವ ಅದಿರು ಮಾರುಕಟ್ಟೆಗೆ ಬರುವ ಲೋಹವಲ್ಲ ಎಂಬುದು. ಒಂದು ದೇಶದ ಫುಟ್‌ಬಾಲ್ ಬಂಡವಾಳವೆಂದರೆ ಅದರ ಜನಸಂಖ್ಯೆಯಲ್ಲ. ವಾರಕ್ಕೆ ನಾಲ್ಕು ದಿನ ಸಮತಟ್ಟಾದ ಮೈದಾನದಲ್ಲಿ ಆಡುವ, ವರ್ಷಕ್ಕೆ ಮೂವತ್ತು ಪಂದ್ಯಗಳ ಅನುಭವ ಪಡೆಯುವ ಮಕ್ಕಳ ಸಂಖ್ಯೆ. ಆ ಲೆಕ್ಕದಲ್ಲಿ ನಾವು ಚಿಕ್ಕ ದೇಶ.

ವಿಶ್ವಕಪ್‌ನ ಅರ್ಹತಾ ಸುತ್ತುಗಳು ಈ ಲೆಕ್ಕವನ್ನು ನಾಲ್ಕು ವರ್ಷಗಳಿಗೊಮ್ಮೆ ತಪ್ಪದೆ ತಪಾಸಣೆ ಮಾಡುತ್ತವೆ. ಸರ್ಕಾರಿ ಸೇವೆಯಲ್ಲಿ ನಾನು ಅನೇಕ ಲೆಕ್ಕಪರಿಶೋಧನೆಗಳನ್ನು ಕಂಡಿದ್ದೇನೆ. ಆಕ್ಷೇಪಣೆಗಳಿಗೆ ಸಮಜಾಯಿಷಿ ಬರೆದು ಕೈತೊಳೆದುಕೊಳ್ಳುವ ಕಲೆ ನಮಗೆಲ್ಲ ಕರಗತವಾಗಿತ್ತು. ಅರ್ಹತಾ ಪಂದ್ಯಕ್ಕೆ ಸಮಜಾಯಿಷಿ ಬರೆಯಲು ಅವಕಾಶವಿಲ್ಲ. ಅಂಕಪಟ್ಟಿಯೇ ವರದಿ.

ಈ ಸಲದ ವರದಿಯನ್ನು ಗಂಭೀರವಾಗಿ ಓದಬೇಕಾದುದಕ್ಕೆ ವಿಶೇಷ ಕಾರಣವಿದೆ. 2026ರ ವಿಶ್ವಕಪ್‌ಗಾಗಿ ತಂಡಗಳ ಸಂಖ್ಯೆಯನ್ನು 32ರಿಂದ 48ಕ್ಕೆ ಏರಿಸಲಾಯಿತು. ಹಿಂದೆ ನಾಲ್ಕೂವರೆ ಸ್ಥಾನಗಳಿಗೆ ತೃಪ್ತಿಪಡಬೇಕಿದ್ದ ಏಷ್ಯಾಕ್ಕೆ ಎಂಟು ನೇರ ಸ್ಥಾನಗಳೂ ಖಂಡಾಂತರ ಪ್ಲೇಆಫ್‌ನ ಒಂದು ಅವಕಾಶವೂ ದೊರೆತವು. ಬಾಗಿಲು ಹೆಚ್ಚುಕಡಿಮೆ ಇಮ್ಮಡಿ ಅಗಲವಾಯಿತು. ಸ್ಥಾನಗಳ ಕೊರತೆಯಿಂದ ನಮಗೆ ಅನ್ಯಾಯವಾಗುತ್ತಿದೆ ಎಂಬ ಹಳೆಯ ವಾದಕ್ಕೆ ಇನ್ನು ಜಾಗವಿಲ್ಲ.

ವ್ಯವಸ್ಥೆ ಹೀಗಿತ್ತು. ಏಷ್ಯಾದ 46 ತಂಡಗಳ ಪೈಕಿ ಕೆಳಗಿನ ಇಪ್ಪತ್ತು ತಂಡಗಳು ಮೊದಲ ಸುತ್ತಿನಲ್ಲಿ ಪರಸ್ಪರ ಆಡಿ ಹತ್ತು ಉಳಿದವು. ಎರಡನೇ ಸುತ್ತಿಗೆ 36 ತಂಡಗಳು, ನಾಲ್ಕು ನಾಲ್ಕರಂತೆ ಒಂಬತ್ತು ಗುಂಪುಗಳು. ಪ್ರತಿ ಗುಂಪಿನಿಂದ ಇಬ್ಬರಂತೆ 18 ತಂಡಗಳು ಮೂರನೇ ಸುತ್ತಿಗೆ. ಭಾರತ ಎರಡನೇ ಸುತ್ತಿನಿಂದಲೇ ಆರಂಭಿಸಿತು. ಕತಾರ್, ಕುವೈತ್, ಅಫ್ಗಾನಿಸ್ತಾನ ನಮ್ಮ ಗುಂಪಿನಲ್ಲಿದ್ದವು. ಕತಾರ್ ಬಲಾಢ್ಯ. ಉಳಿದ ಇಬ್ಬರನ್ನು ಹಿಂದಿಕ್ಕಿ ಎರಡನೇ ಸ್ಥಾನ ಪಡೆದಿದ್ದರೆ ಸಾಕಿತ್ತು. 2023ರ ನವೆಂಬರ್‌ನಲ್ಲಿ ಕುವೈತನ್ನು ಅದರ ನೆಲದಲ್ಲೇ 1–0ರಿಂದ ಸೋಲಿಸಿದಾಗ ಆ ಆಸೆ ಹುಸಿಯೆನಿಸಿರಲಿಲ್ಲ.

ನಂತರದ ಕಥೆ ಬಹುಪಾಲು ಓದುಗರಿಗೆ ನೆನಪಿರುವುದು ಒಂದೇ ಘಟನೆಯಿಂದ. 2024ರ ಜೂನ್ 11ರಂದು ದೋಹಾದಲ್ಲಿ ಛಾಂಗ್ಟೆ ಹೊಡೆದ ಗೋಲಿನಿಂದ ಭಾರತ ಮುಂದಿತ್ತು. ಗೆದ್ದಿದ್ದರೆ ಎಂಟು ಅಂಕಗಳೊಡನೆ ಮೂರನೇ ಸುತ್ತು ನಮ್ಮದಾಗುತ್ತಿತ್ತು. 73ನೇ ನಿಮಿಷದಲ್ಲಿ, ಗೋಲಿನ ಗೆರೆಯಾಚೆ ಹೋಗಿದ್ದ ಚೆಂಡನ್ನು ಒಳಗೆಳೆದು ಕತಾರ್ ಆಟಗಾರರು ಬಲೆಗೆ ಸೇರಿಸಿದರು. ರೆಫರಿ ಗೋಲು ಕೊಟ್ಟರು. ಆ ಸುತ್ತಿನಲ್ಲಿ ವಿಡಿಯೊ ಮರುಪರಿಶೀಲನೆಯ ಏರ್ಪಾಡು ಇರಲಿಲ್ಲ. ಕೆಲವೇ ನಿಮಿಷಗಳಲ್ಲಿ ಮತ್ತೊಂದು ಗೋಲು ಬಿದ್ದು ಭಾರತ 1–2ರಿಂದ ಸೋತಿತು. ನಮಗೆ ಆದದ್ದು ಅನ್ಯಾಯವೇ. ಅದರಲ್ಲಿ ಎರಡು ಮಾತಿಲ್ಲ. ಕೋಟ್ಯಂತರ ರೂಪಾಯಿ ವಹಿವಾಟಿನ ಸ್ಪರ್ಧೆಯೊಂದು, ದುರ್ಬಲರು ಹೆಚ್ಚಾಗಿ ಆಡುವ ಸುತ್ತುಗಳಿಗೆ ಮಾತ್ರ ತಂತ್ರಜ್ಞಾನ ನಿರಾಕರಿಸುವುದು ಖಂಡನಾರ್ಹ.

ಆದರೆ ಕಡತವನ್ನು ಕೊನೆಯ ಪುಟದಿಂದ ಓದಬಾರದು. ಅದೇ ವರ್ಷದ ಮಾರ್ಚ್‌ನಲ್ಲಿ ಅಫ್ಗಾನಿಸ್ತಾನದೊಡನೆ ನಾವು ಎರಡು ಪಂದ್ಯಗಳನ್ನಾಡಿದೆವು. ಯುದ್ಧ ಮತ್ತು ಅಸ್ಥಿರತೆಯಿಂದ ನಲುಗಿದ, ತನ್ನ ‘ತವರಿನ’ ಪಂದ್ಯವನ್ನೂ ಸೌದಿ ಅರೇಬಿಯಾದಲ್ಲಿ ಆಡಬೇಕಾದ ತಂಡ ಅದು. ಅಭಾದಲ್ಲಿ ಗೋಲಿಲ್ಲದ ಡ್ರಾ. ಗುವಾಹಟಿಯಲ್ಲಿ, ಸುನಿಲ್ ಚೆಟ್ರಿಯವರ 150ನೇ ಅಂತರರಾಷ್ಟ್ರೀಯ ಪಂದ್ಯದಲ್ಲಿ, ಮುನ್ನಡೆ ಪಡೆದೂ 1–2ರಿಂದ ಸೋಲು. ಚೆಟ್ರಿಯವರ ವಿದಾಯಕ್ಕೆಂದು ಕೋಲ್ಕತ್ತದ ಕ್ರೀಡಾಂಗಣ ತುಂಬಿದ್ದ ದಿನ ಕುವೈತ್ ವಿರುದ್ಧವೂ ಗೋಲಿಲ್ಲ. ಈ ಮೂರು ಪಂದ್ಯಗಳಲ್ಲಿ ನಮ್ಮ ಪಾಲಿಗೆ ಬಂದ ಗೋಲು ಒಂದೇ, ಅದೂ ಪೆನಾಲ್ಟಿಯಿಂದ. ದೋಹಾದ ರೆಫರಿ ನಮ್ಮನ್ನು ಹೊರಗಟ್ಟಿದ್ದಲ್ಲ. ಹೊರಹೋಗುವ ಬಾಗಿಲಿನವರೆಗೆ ನಾವೇ ನಡೆದುಹೋಗಿದ್ದೆವು.

ಆ ಸೋಲಿನ ಬೆಲೆ ಒಂದು ಪಂದ್ಯದ್ದಲ್ಲ. ಮೂರನೇ ಸುತ್ತಿಗೆ ಹೋದ 18 ತಂಡಗಳಿಗೆ ತಲಾ ಹತ್ತು ಪಂದ್ಯಗಳು ಖಾತರಿಯಾಗಿ ದೊರೆತವು; ಜಪಾನ್, ಇರಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾದಂಥ ತಂಡಗಳೊಡನೆ ತವರಿನಲ್ಲೂ ಹೊರಗೂ ಸೆಣಸುವ ಅವಕಾಶ. ಹೊರಬಿದ್ದವರು ತಮ್ಮಂಥವರೊಡನೆಯೇ ಆಡುತ್ತ ಉಳಿಯಬೇಕು. ಇದ್ದವರಿಗೆ ಇನ್ನಷ್ಟು ಕೊಡುವ ಈ ಏರ್ಪಾಡು ಅರ್ಥಶಾಸ್ತ್ರಕ್ಕೆ ಹೊಸದಲ್ಲ. ಸಾಲ ಬೇಕಿಲ್ಲದವನಿಗೇ ಬ್ಯಾಂಕು ಸಾಲ ಕೊಡುತ್ತದೆ ಎಂಬ ಮಾತಿನಂತೆ, ಬಲಿಷ್ಠರೊಡನೆ ಆಡುವ ಅನುಭವ ಬಲಿಷ್ಠರಿಗೇ ಸಿಗುತ್ತದೆ. ಅಂತರ ಬೆಳೆಯುತ್ತ ಹೋಗುತ್ತದೆ.

ಬೆಳೆದ ಅಂತರ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಕಣ್ಣಿಗೆ ಕಂಡಿತು. 2027ರ ಏಷ್ಯಾ ಕಪ್‌ನ ಉಳಿದ ಸ್ಥಾನಗಳಿಗಾಗಿ 24 ತಂಡಗಳನ್ನು ಆರು ಗುಂಪುಗಳಾಗಿ ವಿಂಗಡಿಸಿದಾಗ, ರ‍್ಯಾಂಕಿಂಗ್ ಆಧಾರದಲ್ಲಿ ಭಾರತ ತನ್ನ ಗುಂಪಿನ ಅಗ್ರ ಶ್ರೇಯಾಂಕಿತ ತಂಡವಾಗಿತ್ತು. ಹಾಂಗ್‌ಕಾಂಗ್, ಸಿಂಗಪುರ, ಬಾಂಗ್ಲಾದೇಶ ಎದುರಾಳಿಗಳು. ಮೊದಲ ಸ್ಥಾನ ಪಡೆದವರಿಗೆ ಮಾತ್ರ ಪ್ರವೇಶ. ಚೆಟ್ರಿಯವರನ್ನು ನಲವತ್ತರ ಹರೆಯದಲ್ಲಿ ನಿವೃತ್ತಿಯಿಂದ ಮರಳಿ ಕರೆತರಲಾಯಿತು. ಆ ಒಂದು ನಿರ್ಧಾರವೇ ನಮ್ಮ ದಾಸ್ತಾನಿನ ಸ್ಥಿತಿಯನ್ನು ಹೇಳುತ್ತಿತ್ತು. ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದೊಡನೆ ಡ್ರಾ, ಹಾಂಗ್‌ಕಾಂಗ್‌ನಲ್ಲಿ ಸೋಲು, ಸಿಂಗಪುರದಲ್ಲಿ ಡ್ರಾ, ಮಡಗಾಂವ್‌ನಲ್ಲಿ ಅದೇ ಸಿಂಗಪುರದೆದುರು ಸೋಲು, ಕೊನೆಗೆ ಢಾಕಾ. ಮೊದಲ ಐದು ಪಂದ್ಯಗಳಲ್ಲಿ ಒಂದೂ ಗೆಲುವಿಲ್ಲ. 2019 ಮತ್ತು 2023ರ ಏಷ್ಯಾ ಕಪ್‌ಗಳಲ್ಲಿ ಆಡಿದ್ದ ತಂಡ 2027ರಲ್ಲಿ ಇರುವುದಿಲ್ಲ.

ಏಷ್ಯಾದ ಅರ್ಹತಾ ವ್ಯವಸ್ಥೆಯಲ್ಲಿ ದೋಷಗಳಿಲ್ಲವೆಂದು ನಾನು ಹೇಳುತ್ತಿಲ್ಲ. 2025ರ ಅಕ್ಟೋಬರ್‌ನ ನಾಲ್ಕನೇ ಸುತ್ತನ್ನೇ ನೋಡಿ. ಆರು ತಂಡಗಳ ಎರಡು ಗುಂಪುಗಳ ಪಂದ್ಯಗಳನ್ನು ತಟಸ್ಥ ದೇಶದಲ್ಲಿ ನಡೆಸುವ ಬದಲು, ಸ್ಪರ್ಧೆಯಲ್ಲಿದ್ದ ಕತಾರ್ ಮತ್ತು ಸೌದಿ ಅರೇಬಿಯಾಗಳಿಗೇ ಆತಿಥ್ಯ ಕೊಡಲಾಯಿತು. ವೇಳಾಪಟ್ಟಿಯೂ ಆತಿಥೇಯರಿಗೆ ಅನುಕೂಲವಾಗಿತ್ತು. ಅವರಿಗೆ ಎರಡು ಪಂದ್ಯಗಳ ನಡುವೆ ಆರು ದಿನಗಳ ಅಂತರ, ಎದುರಾಳಿಗಳಿಗೆ ಮೂರೇ ದಿನ. ಕಡೆಗೆ ನೇರ ಸ್ಥಾನಗಳು ದಕ್ಕಿದ್ದು ಆ ಇಬ್ಬರಿಗೇ. ಇರಾಕ್, ಒಮಾನ್, ಇಂಡೊನೇಷ್ಯಾ, ಯುಎಇ ದೇಶಗಳ ಅಭಿಮಾನಿಗಳಿಗೆ ಇದು ನುಂಗಲಾರದ ತುತ್ತು. ಹಣ ಇರುವವರು ನಿಯಮಗಳ ಅಂಚಿನಲ್ಲಿ ತಮಗೆ ಬೇಕಾದಷ್ಟು ಜಾಗ ಮಾಡಿಕೊಳ್ಳುತ್ತಾರೆಂಬುದು ನಿಜ. ಆದರೆ ಆ ಅನ್ಯಾಯದ ಬಗ್ಗೆ ದೂರುವ ಹಕ್ಕು ಅಲ್ಲಿಯವರೆಗೆ ತಲುಪಿದವರದು. ನಮ್ಮದು ಎರಡು ಸುತ್ತು ಹಿಂದಿನ ಮಾತು.

ಹಾಗಾದರೆ ಅನ್ಯಾಯವನ್ನು ಮೆಟ್ಟಿ ನಿಂತವರು ಯಾರಾದರೂ ಇದ್ದಾರೆಯೇ? ಇದ್ದಾರೆ. ನಮಗೆ ಸರಿಯಾದ ಕನ್ನಡಿ ಕುರಸಾವೊ ಅಲ್ಲ, ಉಜ್ಬೇಕಿಸ್ತಾನ. ಸುಮಾರು ಮೂರೂಮುಕ್ಕಾಲು ಕೋಟಿ ಜನರ, ತಲಾ ಆದಾಯದಲ್ಲಿ ನಮಗಿಂತ ಅಷ್ಟೇನೂ ದೂರವಿಲ್ಲದ, ತೊಂಬತ್ತರ ದಶಕದಲ್ಲಷ್ಟೇ ಸ್ವತಂತ್ರವಾಗಿ ಅಂತರರಾಷ್ಟ್ರೀಯ ಕಣಕ್ಕಿಳಿದ ದೇಶ. 2005ರ ಸೆಪ್ಟೆಂಬರ್‌ನಲ್ಲಿ ತಾಷ್ಕೆಂಟ್‌ನಲ್ಲಿ ಬಹರೇನ್ ವಿರುದ್ಧ 1–0ರಿಂದ ಗೆದ್ದಿದ್ದ ಪ್ಲೇಆಫ್ ಪಂದ್ಯವನ್ನು ರೆಫರಿಯ ತಾಂತ್ರಿಕ ತಪ್ಪಿನಿಂದಾಗಿ ಫಿಫಾ ರದ್ದುಗೊಳಿಸಿ ಮರುಪಂದ್ಯ ನಡೆಸಿತು. ರೆಫರಿಯ ತಪ್ಪಿನಿಂದ ಅನ್ಯಾಯವಾದದ್ದು ಉಜ್ಬೇಕಿಸ್ತಾನಕ್ಕೆ. ಮರುಪಂದ್ಯ 1–1ರಲ್ಲಿ ಮುಗಿದು, ಎದುರಾಳಿಯ ನೆಲದಲ್ಲಿ ಹೊಡೆದ ಗೋಲಿನ ಲೆಕ್ಕದಲ್ಲಿ ಮುಂದೆ ಹೋದದ್ದು ಬಹರೇನ್. 2013ರಲ್ಲಿ ಜೋರ್ಡಾನ್ ಎದುರು ಪೆನಾಲ್ಟಿಗಳಲ್ಲಿ 8–9ರ ಸೋಲು. ಇಂಥ ಗಾಯಗಳಾದ ಮೇಲೆ ಆ ದೇಶ ಮಾಡಿದ್ದೇನು? ಕಿರಿಯರ ತಂಡಗಳನ್ನು ಕಟ್ಟಿತು. 2012ರಲ್ಲಿ ಏಷ್ಯಾದ ಹದಿನಾರರ ಒಳಗಿನವರ ಪ್ರಶಸ್ತಿ, 2018ರಲ್ಲಿ ಇಪ್ಪತ್ತಮೂರರ ಒಳಗಿನವರದು, 2023ರಲ್ಲಿ ಇಪ್ಪತ್ತರ ಒಳಗಿನವರದು, 2025ರಲ್ಲಿ ಮತ್ತೆ ಹದಿನೇಳರ ಒಳಗಿನವರದು. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ಪ್ರವೇಶ. ಕಡೆಗೆ 2025ರ ಜೂನ್ 5ರಂದು ವಿಶ್ವಕಪ್ ಅರ್ಹತೆ. ಅದೇ ದಿನ ಒಮಾನನ್ನು ಸೋಲಿಸಿ ಜೋರ್ಡಾನ್ ಕೂಡ ಮೊದಲ ಬಾರಿಗೆ ಅರ್ಹತೆ ಪಡೆಯಿತು. ಹದಿನಾರು ವರ್ಷದ ಹುಡುಗರನ್ನು ಸಿದ್ಧಗೊಳಿಸಿ, ಹತ್ತು ಹದಿನೈದು ವರ್ಷ ಕಾಯುವ ತಾಳ್ಮೆ ತೋರಿದವರಿಗೆ ಬಾಗಿಲು ತೆರೆಯಿತು.

ನಮ್ಮಲ್ಲಿ ಕೇಳಿಬರುವ ಸಬೂಬುಗಳು ಮೂರು. ಕ್ರಿಕೆಟ್ ಎಲ್ಲವನ್ನೂ ನುಂಗಿದೆ ಎಂಬುದು ಮೊದಲನೆಯದು. ಕ್ರಿಕೆಟ್‌ನ ಹುಚ್ಚು ನಮಗಿಂತ ಕಡಿಮೆಯಿಲ್ಲದ ಆಸ್ಟ್ರೇಲಿಯಾ ನೇರ ಅರ್ಹತೆ ಪಡೆದಿದೆ. ನಾವು ಬಡವರು ಎಂಬುದು ಎರಡನೆಯದು. ಉಜ್ಬೇಕಿಸ್ತಾನ ಅದಕ್ಕೆ ಉತ್ತರ. ನಮ್ಮ ಮೈಕಟ್ಟು ಈ ಆಟಕ್ಕೆ ಒಗ್ಗದು ಎಂಬುದು ಮೂರನೆಯದು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದ ತಂಡಗಳಲ್ಲಿ ಆಡಿದವರು ಬೇರೆ ಗ್ರಹದವರಲ್ಲ. ಮೆಲ್ಬರ್ನ್ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯನವರಿದ್ದರು. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿತ್ತು. ಅದರ ನಂತರ ಕರ್ನಾಟಕ ಮತ್ತೆ ಗೆಲ್ಲಲು 2023ರ ಮಾರ್ಚ್‌ವರೆಗೆ, ಅಂದರೆ 54 ವರ್ಷ ಕಾಯಬೇಕಾಯಿತು. ಮೈಕಟ್ಟು ಬದಲಾಗಲಿಲ್ಲ, ಬದಲಾದದ್ದು ಸುತ್ತಲಿನ ಏಷ್ಯಾ. ಅವರು ಮುಂದೆ ನಡೆದರು, ನಾವು ನಿಂತಲ್ಲೇ ನಿಂತೆವು. ವಿಪರ್ಯಾಸವೆಂದರೆ, 1950ರ ವಿಶ್ವಕಪ್‌ಗೆ ಗುಂಪಿನ ಇತರ ತಂಡಗಳು ಹಿಂದೆ ಸರಿದುದರಿಂದ ಅರ್ಹತಾ ಪಂದ್ಯವಾಡದೆಯೇ ನಮಗೆ ಸ್ಥಾನ ದೊರೆತಿತ್ತು, ನಾವು ಹೋಗಲಿಲ್ಲ. ಭಾರತ ಮೊದಲ ವಿಶ್ವಕಪ್ ಅರ್ಹತಾ ಪಂದ್ಯ ಆಡಿದ್ದು ಅದಾದ 35 ವರ್ಷಗಳ ನಂತರ, 1985ರಲ್ಲಿ.

ಆಡಳಿತದ ಕಥೆಯನ್ನು ಹೆಚ್ಚು ಬೆಳೆಸಬೇಕಿಲ್ಲ. ಚುನಾವಣೆ ನಡೆಸದೆ ಅವಧಿ ಮೀರಿ ಕುಳಿತ ಪದಾಧಿಕಾರಿಗಳು, ಸುಪ್ರೀಂ ಕೋರ್ಟ್ ನೇಮಿಸಿದ ಆಡಳಿತಗಾರರು, 2022ರ ಆಗಸ್ಟ್‌ನಲ್ಲಿ ಫಿಫಾ ವಿಧಿಸಿದ ಅಮಾನತು, ಒಕ್ಕೂಟದ ಸಂವಿಧಾನ ಅಂತಿಮಗೊಳ್ಳಲು 2025ರ ಸೆಪ್ಟೆಂಬರ್‌ವರೆಗೆ ಹಿಡಿದ ಕಾಲ. ವಾಣಿಜ್ಯ ಒಪ್ಪಂದದ ಅವಧಿ ಮುಗಿಯುವುದು ಹದಿನೈದು ವರ್ಷ ಮೊದಲೇ ಗೊತ್ತಿದ್ದರೂ, ಪರ್ಯಾಯ ವ್ಯವಸ್ಥೆಯಿಲ್ಲದೆ ಸೆಪ್ಟೆಂಬರ್ ಆಸುಪಾಸಿನಲ್ಲಿ ಶುರುವಾಗಬೇಕಿದ್ದ ದೇಶದ ಪ್ರಮುಖ ಲೀಗ್ 2025ರ ಅಂತ್ಯದವರೆಗೂ ಶುರುವಾಗಲಿಲ್ಲ. ಆಟಗಾರರು ಲೀಗ್ ಪಂದ್ಯಗಳಿಲ್ಲದೆ ಅರ್ಹತಾ ಪಂದ್ಯಗಳಿಗೆ ಹೋದರು. ಪ್ರತಿ ಸೋಲಿನ ನಂತರ ತರಬೇತುದಾರರನ್ನು ಬದಲಿಸುವುದು ಮಾತ್ರ ತಪ್ಪಲಿಲ್ಲ. ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ.

ಇತ್ತೀಚೆಗೆ ಇನ್ನೊಂದು ಸುಲಭೋಪಾಯ ಚರ್ಚೆಯಲ್ಲಿದೆ. ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಹಮ್ಜಾ ಚೌಧರಿ ಬಾಂಗ್ಲಾದೇಶಕ್ಕೆ ಆಡುವಂತೆ, ವಿದೇಶಗಳಲ್ಲಿರುವ ಭಾರತ ಮೂಲದ ಆಟಗಾರರನ್ನು ಕರೆತರಬೇಕೆಂಬುದು. ಭಾರತ ದ್ವಿಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಅಂಥವರು ತಮ್ಮ ಪಾಸ್‌ಪೋರ್ಟ್ ಬಿಟ್ಟುಕೊಟ್ಟೇ ಬರಬೇಕು. ಬರುವವರಿಗೆ ಸ್ವಾಗತ. ಆದರೆ ಆಮದು ಕೊರತೆಯನ್ನು ತುಂಬಬಹುದೇ ಹೊರತು ಉತ್ಪಾದನೆಗೆ ಬದಲಿಯಾಗದು.

ಉತ್ಪಾದನೆ ನಡೆಯುವುದು ಮೈದಾನಗಳಲ್ಲಿ. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳದಿದ್ದರೆ ಈ ಲೇಖನ ಬರೆಯುವ ನೈತಿಕ ಹಕ್ಕು ನನಗಿರುವುದಿಲ್ಲ. 1980ರ ದಶಕದ ಕೊನೆಯಲ್ಲಿ ನಾನೊಂದು ಉಪವಿಭಾಗದ ಅಧಿಕಾರಿಯಾಗಿದ್ದಾಗ, ತಾಲ್ಲೂಕು ಕೇಂದ್ರದ ಪ್ರೌಢಶಾಲೆಯೊಂದರ ಆಟದ ಮೈದಾನದಿಂದ ಒಂದೂವರೆ ಎಕರೆಯನ್ನು ಸರ್ಕಾರಿ ಕಚೇರಿಯೊಂದರ ಕಟ್ಟಡಕ್ಕೆ ಬಿಟ್ಟುಕೊಡುವ ಪ್ರಸ್ತಾವ ನನ್ನ ಮೇಜಿಗೆ ಬಂತು. ಮುಖ್ಯೋಪಾಧ್ಯಾಯರು ಎರಡು ಪುಟಗಳ ಆಕ್ಷೇಪಣೆ ಬರೆದಿದ್ದರು. ಸಂಜೆ ಎಷ್ಟು ಹುಡುಗರು ಆಡುತ್ತಾರೆ, ಯಾವ ವರ್ಷ ಶಾಲೆಯ ತಂಡ ಜಿಲ್ಲಾ ಮಟ್ಟದಲ್ಲಿ ಗೆದ್ದಿತ್ತು ಎಂಬ ವಿವರವೆಲ್ಲ ಅದರಲ್ಲಿತ್ತು. ಊರ ನಡುವೆ ಬೇರೆ ಜಾಗವಿಲ್ಲ, ಕಟ್ಟಡದ ಅನುದಾನ ಮಾರ್ಚ್ ಕೊನೆಗೆ ವಾಪಸಾಗುತ್ತದೆ ಎಂಬ ಒತ್ತಡವಿತ್ತು. ‘ಶಾಲೆಗೆ ಪರ್ಯಾಯ ಜಾಗ ಒದಗಿಸತಕ್ಕದ್ದು’ ಎಂಬ ಷರತ್ತಿನೊಡನೆ ಶಿಫಾರಸು ಮಾಡಿದೆ. ಕಟ್ಟಡ ಎದ್ದಿತು. ನನಗೆ ವರ್ಗವಾಯಿತು. ಹತ್ತು ವರ್ಷಗಳ ನಂತರ ಆ ದಾರಿಯಲ್ಲಿ ಹೋಗುವಾಗ ವಿಚಾರಿಸಿದೆ. ಪರ್ಯಾಯ ಜಾಗ ಕಾಗದದಲ್ಲೇ ಉಳಿದಿತ್ತು. ಕಚೇರಿಯ ಹಿಂದೆ ಉಳಿದಿದ್ದ ಇಕ್ಕಟ್ಟಿನ ಜಾಗದಲ್ಲಿ ಹುಡುಗರು ಜೀಪುಗಳ ನಡುವೆ ಚೆಂಡು ಒದೆಯುತ್ತಿದ್ದರು. ಆ ಮುಖ್ಯೋಪಾಧ್ಯಾಯರು ನಿವೃತ್ತರಾಗಿದ್ದರು. ಅವರನ್ನು ಕಾಣಲು ನನಗೆ ಧೈರ್ಯವಾಗಲಿಲ್ಲ.

ನಾನು ಕಾನೂನು ಮುರಿದಿರಲಿಲ್ಲ. ಅದೇ ಈ ಕಥೆಯ ಕಳವಳಕಾರಿ ಅಂಶ. ಕಟ್ಟಡದ ಪ್ರಯೋಜನ ಕಡತದಲ್ಲಿ ರೂಪಾಯಿಗಳಲ್ಲಿ ಬರೆದಿರುತ್ತದೆ; ಮೈದಾನದ ಪ್ರಯೋಜನಕ್ಕೆ ಯಾವ ಕಾಲಮ್ಮೂ ಇಲ್ಲ. ಆದ್ದರಿಂದ ಪ್ರತಿ ತೂಕದಲ್ಲೂ ಮೈದಾನ ಸೋಲುತ್ತದೆ. ನನ್ನಂಥ ಸಾವಿರಾರು ಅಧಿಕಾರಿಗಳು ಸಾವಿರಾರು ಊರುಗಳಲ್ಲಿ, ಪ್ರತಿಯೊಬ್ಬರೂ ಸಕಾರಣವಾಗಿಯೇ, ಒಂದೊಂದು ಎಕರೆ ಬಿಟ್ಟುಕೊಟ್ಟ ಮೊತ್ತವೇ ಇಂದಿನ ಅಂಕಪಟ್ಟಿ. ಕುಣಿಯಲಾರದವರು ನೆಲ ಡೊಂಕು ಎಂದರಂತೆ ಎಂಬ ಗಾದೆ ನಮ್ಮಲ್ಲಿದೆ. ನಮ್ಮ ಮಕ್ಕಳ ವಿಷಯದಲ್ಲಿ ನೆಲ ಡೊಂಕೂ ಅಲ್ಲ, ಇಲ್ಲವೇ ಇಲ್ಲ.

ಏನು ಮಾಡಬೇಕು? ಹೊಸ ಕಾನೂನು ಬೇಕಿಲ್ಲ. ಉದ್ಯಾನ, ಆಟದ ಮೈದಾನ ಮತ್ತು ತೆರೆದ ಜಾಗಗಳ ಸಂರಕ್ಷಣೆಗೆಂದೇ 1985ರ ಕಾಯ್ದೆಯೊಂದು ಕರ್ನಾಟಕದಲ್ಲಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಬೇಕೆಂದಿದೆ. ಪ್ರತಿ ತಾಲ್ಲೂಕಿನ ಮೈದಾನಗಳ ಸರ್ವೆ ನಂಬರು, ವಿಸ್ತೀರ್ಣ, ಒತ್ತುವರಿಯ ವಿವರಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ ಪ್ರಕಟಿಸಿದರೆ ಅರ್ಧ ಕೆಲಸ ಆಗುತ್ತದೆ. ಪರ್ಯಾಯ ಜಾಗ ಕೈಗೆ ಬರುವ ಮುನ್ನ ಮೈದಾನ ಮುಟ್ಟಕೂಡದೆಂಬ ಒಂದು ಸಾಲಿನ ಆದೇಶ ಇನ್ನರ್ಧಕ್ಕೆ ಸಾಕು. ಎರಡನೆಯದಾಗಿ, ಎರಡು ದಿನಗಳಲ್ಲಿ ಮುಗಿಯುವ ನಾಕೌಟ್ ಪಂದ್ಯಾವಳಿಗಳ ಬದಲು ಶಾಲೆಗಳ ನಡುವೆ ಲೀಗ್ ನಡೆಯಬೇಕು. ನಾಕೌಟ್‌ನಲ್ಲಿ ಅರ್ಧದಷ್ಟು ಮಕ್ಕಳು ವರ್ಷಕ್ಕೆ ಒಂದೇ ಪಂದ್ಯವಾಡಿ ಮನೆಗೆ ಹೋಗುತ್ತಾರೆ. ಮೂರನೆಯದಾಗಿ, 2030ರ ಕಾಮನ್‌ವೆಲ್ತ್ ಕ್ರೀಡಾಕೂಟದ ಆತಿಥ್ಯ ಅಹಮದಾಬಾದ್‌ಗೆ ದೊರೆತಿರುವ, 2036ರ ಒಲಿಂಪಿಕ್ಸ್‌ಗೂ ನಾವು ಕಣ್ಣಿಟ್ಟಿರುವ ಈ ಕಾಲದಲ್ಲಿ, ಆತಿಥ್ಯ ಸಾಧನೆಯಲ್ಲ ಎಂಬುದನ್ನು ನೆನಪಿಡಬೇಕು. 2017ರಲ್ಲಿ ಹದಿನೇಳರ ಒಳಗಿನವರ ವಿಶ್ವಕಪ್ಪನ್ನು ಆರು ನಗರಗಳಲ್ಲಿ ವೈಭವದಿಂದ ನಡೆಸಿದೆವು. ಎಂಟು ವರ್ಷಗಳ ನಂತರ, ಆ ಪೀಳಿಗೆ ಪ್ರಾಯಕ್ಕೆ ಬಂದಾಗ, ಢಾಕಾದಲ್ಲಿ ಸೋತೆವು.

ಬಡ ದೇಶಕ್ಕೆ ಫುಟ್‌ಬಾಲ್ ಅಷ್ಟು ಮುಖ್ಯವೇ ಎಂದು ಕೇಳುವವರಿದ್ದಾರೆ. ಎಂಎ ಓದುತ್ತಿದ್ದಾಗ ನಾನೂ ಹಾಗೆಯೇ ಕೇಳುತ್ತಿದ್ದೆನೇನೊ. ಈಗ ನನ್ನ ಉತ್ತರ ಬೇರೆ. ನಾವು ಎಂದಿಗೂ ಅರ್ಹತೆ ಪಡೆಯದಿದ್ದರೂ ಆ ಮೈದಾನಗಳಲ್ಲಿ ಆಡಿದ ಮಕ್ಕಳಿಗೆ ನಷ್ಟವಾಗುವುದಿಲ್ಲ. ಕ್ರೀಡಾಂಗಣಕ್ಕೆ ಸುರಿದ ಹಣದ ಬಗ್ಗೆ ಆ ಮಾತನ್ನು ಹೇಳಲಾಗದು.

2017ರ ಅಕ್ಟೋಬರ್ 11ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಭಾರತ ಮಕಾವ್ ತಂಡವನ್ನು 4–1ರಿಂದ ಸೋಲಿಸಿ 2019ರ ಏಷ್ಯಾ ಕಪ್‌ಗೆ ಅರ್ಹತೆ ಪಡೆದಾಗ ಗ್ಯಾಲರಿಯಲ್ಲಿ ನಾನೂ ಇದ್ದೆ. ಪಕ್ಕದಲ್ಲಿದ್ದ ಆಸ್ಟಿನ್ ಟೌನ್‌ನ ಹುಡುಗರು ಗಂಟಲು ಹರಿಯುವಂತೆ ಕೂಗುತ್ತಿದ್ದರು. ಆಸೆಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. 2034ರ ವಿಶ್ವಕಪ್ ಸೌದಿ ಅರೇಬಿಯಾದಲ್ಲಿ ನಡೆಯಲಿದೆ. ಅದರ ಅರ್ಹತಾ ಸುತ್ತುಗಳಲ್ಲಿ ಆಡಬೇಕಾದವರಿಗೆ ಈಗ ಹನ್ನೆರಡೋ ಹದಿಮೂರೋ ವಯಸ್ಸು. ಇಂದು ಸಂಜೆ ಶಾಲೆ ಬಿಟ್ಟ ಮೇಲೆ ಅವರು ಎಲ್ಲಿ ಆಡುತ್ತಾರೆ ಎಂಬುದನ್ನು ಪ್ರತಿ ತಾಲ್ಲೂಕಿನ ಅಧಿಕಾರಿ ಒಮ್ಮೆ ಹೋಗಿ ನೋಡಿಬರಲಿ. ನಾನು ನೋಡಿರಲಿಲ್ಲ.